ಮರ ನೆಕ್ಕುವ ವಾಂಗು ಮತ್ತು ಎರಡು ಕೆಂಪು ಗಿಟಾರು

ಕಿನ್ಶಾಸಾದ ಬಂದಾಲ್ ಬಡಾವಣೆಗೆ ಬಂದು ವಾಂಗು ಖೊಂಡೆ ಮನೆ ಯಾವುದು ಅಂತ ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಮರ ನೆಕ್ಕುವ ವಾಂಗು ಅನ್ನಿ, ಇಡೀ ಬೀದಿ ಎದ್ದು ದಾರಿ ತೋರಿಸುತ್ತದೆ. ಯಾರೋ ಗೇಲಿಗೆ ಇಟ್ಟ ಹೆಸರು ಅದು, ಆದರೆ ಆ ಮನುಷ್ಯ ಅದನ್ನೇ ಬಿರುದು ಅಂದುಕೊಂಡು ಎದೆಯುಬ್ಬಿಸಿಕೊಂಡು ತಿರುಗಿದ. ಹಳೆಯ ಗಿಟಾರು ಮೇಜಿನ ಮೇಲೆ ಬಂತು ಅಂದರೆ ಮೊದಲು ಅದರ ಬೆನ್ನು ತಟ್ಟಿ ಕಿವಿಯಿಡುತ್ತಾನೆ. ಆಮೇಲೆ ಮುಚ್ಚಳ ಬಿಚ್ಚಿ, ಬಣ್ಣ ತಾಕದ ಒಳಮೂಲೆ ಹುಡುಕಿ, ಬೆರಳಿಗೆ ಎಂಜಲು ಹಚ್ಚಿ ಅಲ್ಲಿ ಉಜ್ಜುತ್ತಾನೆ. ಮರ ಒದ್ದೆಯಾದರೆ ಸುಳ್ಳು ಹೇಳೋಕೆ ಆಗಲ್ಲ ಅನ್ನೋದು ಅವನ ಮಾತು. ಆ ಬೆರಳನ್ನು ತಿರುಗಿ ನಾಲಿಗೆಗೆ ಮುಟ್ಟಿಸುತ್ತಾನಲ್ಲ, ಅದು ಅಗತ್ಯವೋ ನಾಟಕವೋ ನಮ್ಮ ಬೀದಿಗೆ ಇವತ್ತಿಗೂ ಗೊತ್ತಾಗಿಲ್ಲ.

ಜಂಭವಂತೂ ಬೇಕಾದಷ್ಟಿತ್ತು. ಒಮ್ಮೆ ಒಬ್ಬ ಪಾದ್ರಿ ತನ್ನ ಗಾಯಕರ ದಂಡನ್ನೆಲ್ಲ ಕಟ್ಟಿಕೊಂಡು ಬಂದು, "ಅಪ್ಪಟ ಹಳೇ ಮಾಲು, ಸಮುದ್ರ ದಾಟಿ ಬಂದಿದ್ದು" ಅಂತ ಒಂದು ಗಿಟಾರು ಮುಂದಿಟ್ಟ. ವಾಂಗು ಅದನ್ನು ಬಿಚ್ಚಿ, ಮೂಸಿ, ಎಲ್ಲರ ಮುಂದೆ ಹೇಳಿದ: "ಮೈ ಹಲಗೆ ಪದರ ಅಂಟಿಸಿದ್ದು. ತಲೆ ಬೇರೆ ಗಿಟಾರಿಂದು. ಗುಂಡಿ ಒಂದು ರೇಡಿಯೋದ್ದು. ಹೆಗಲ ಪಟ್ಟಿ ಮಾತ್ರ ಅಪ್ಪಟ." ಗಾಯಕರು ನಕ್ಕರು, ಪಾದ್ರಿಯ ಮುಖ ಇಂಗು ತಿಂದ ಮಂಗನ ಹಾಗಾಯಿತು. ಸುಳ್ಳು ಹೇಳು ಅಂದರೆ ವಾಂಗುವಿನ ನಾಲಿಗೆ ಹೊರಳುತ್ತಿರಲಿಲ್ಲ. ನಿಜವನ್ನು ಮೆಲ್ಲಗೆ ಹೇಳು ಅಂದರೂ ಹೊರಳುತ್ತಿರಲಿಲ್ಲ, ಅದೇ ತೊಂದರೆ.

ಹುಟ್ಟಿದ್ದು ಮಯೋಂಬೆ ಕಾಡಿನೊಳಗೆ, ಮರ ಕಡಿಯುವವರ ಬಿಡಾರದಲ್ಲಿ. ಅಪ್ಪ ಲಿಂಬಾ ಮರ ಕಡಿಯುತ್ತಿದ್ದ. ನೆಟ್ಟಗೆ ಬೆಳೆದು ಆಕಾಶಕ್ಕೆ ಹೋಗುವ ಮರ. ಕೊಯ್ದರೆ ಒಳಗೆ ತಿಳಿ ಹಳದಿ, ನಡುನಡುವೆ ಕಪ್ಪು ಗೀರು. ದಿಮ್ಮಿಗಳು ಪುಟ್ಟ ರೈಲಿನಲ್ಲಿ ಬೋಮಾ ಬಂದರಿಗೆ ಹೋಗಿ ಅಲ್ಲಿಂದ ಹಡಗು ಹತ್ತುತ್ತಿದ್ದವು. ಅವು ಆಚೆ ದಡದಲ್ಲಿ ಏನಾಗುತ್ತವೆ ಅಂತ ಅಪ್ಪನಿಗೆ ಸಾಯುವ ತನಕ ಗೊತ್ತಾಗಲಿಲ್ಲ. ವಾಂಗು ಲಿಂಬಾ ಹೊಟ್ಟು ತುಂಬಿದ ಚೀಲದ ಮೇಲೆ ಮಲಗಿ ಬೆಳೆದವನು. ಮೀಸೆ ಮೂಡುವ ವಯಸ್ಸಿಗೆ ಪಟ್ಟಣಕ್ಕೆ ಬಂದು ಶವಪೆಟ್ಟಿಗೆ ಮಾಡುವವನ ಹತ್ತಿರ ಕೆಲಸಕ್ಕೆ ಸೇರಿದ. ಆ ಅಂಗಡಿಯ ಗೋಡೆಯಾಚೆ ಒಂದು ಬಾರು, ಆ ಬಾರಿನಲ್ಲಿ ಎಬಾಲೆ ಜಾಜ್ ಅನ್ನುವ ವಾದ್ಯತಂಡದ ತಾಲೀಮು. ಒಂದು ದಿನ ಅವರ ಗಿಟಾರಿನ ತಲೆ ಮುರಿಯಿತು. ಪಕ್ಕದಲ್ಲೇ ಬಡಗಿ ಇದ್ದಾನಲ್ಲ ಅಂತ ಗೋಡೆ ಮೇಲಿಂದಲೇ ದಾಟಿಸಿದರು. ವಾಂಗು ಶವಪೆಟ್ಟಿಗೆಯ ಅಂಟಿನಲ್ಲೇ ಅದನ್ನು ಕೂಡಿಸಿ ವಾಪಸು ಕೊಟ್ಟ. ಅದು ಹಾಡಿತು. ಆಮೇಲೆ ಅವನು ಸತ್ತವರಿಗೆ ಪೆಟ್ಟಿಗೆ ಮಾಡಲಿಲ್ಲ.

ಗೋಡೆಯಾಚೆಯಿಂದ ಗಿಟಾರು ದಾಟಿಸಿದವನು ಬೊಕುಲು. ತಂಡದ ಮುಖ್ಯ ಗಿಟಾರಿನವನು, ಅವತ್ತಿನಿಂದ ವಾಂಗುವಿನ ಜೀವದ ಗೆಳೆಯ. ಇಬ್ಬರೂ ದಿನಾ ಸಂಜೆ ಬಿಯರ್ ಬಾಟಲಿಯ ಮುಚ್ಚಳಗಳನ್ನೇ ಕಾಯಿ ಮಾಡಿಕೊಂಡು ಚೌಕಾಬಾರ ಆಡಿದ ಹಾಗೆ ಹಲಗೆಯಾಟ ಆಡುತ್ತಿದ್ದರು, ಜಗಳವಾಡುತ್ತಿದ್ದರು, ಮರುದಿನ ಮತ್ತೆ ಆಡುತ್ತಿದ್ದರು. ಒಂದೇ ಒಂದು ವಿಷಯ ವಾಂಗುವಿನ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಊರಿನ ಗಿಟಾರೆಲ್ಲ ತನ್ನ ಮೇಜಿಗೆ ಬರುತ್ತವೆ, ಬೊಕುಲುವಿನದು ಮಾತ್ರ ಬರುವುದಿಲ್ಲ. ಮೊದಮೊದಲು ಬರುತ್ತಿತ್ತು. ತಂಡ ಒಡೆದ ಮೇಲೆ ನಿಂತುಹೋಯಿತು. ತಂತಿಯನ್ನು ತಾನೇ ಹಾಕಿಕೊಳ್ಳುತ್ತಾನೆ, ತಿರುಪನ್ನು ತಾನೇ ಬಿಗಿಮಾಡುತ್ತಾನೆ. "ಕೊಡೋ, ಒಂದು ಸಲ ಒಳಗೆ ನೋಡ್ತೀನಿ" ಅಂದರೆ, "ನಿನ್ನ ಎಂಜಲು ನನ್ನ ಗಿಟಾರಿಗೆ ಬೇಡ ಮಹರಾಯ" ಅಂತ ನಕ್ಕು ಮಾತು ತೇಲಿಸುತ್ತಿದ್ದ. ನಗು ನಗುವೇ, ಆದರೂ ವಾಂಗುಗೆ ಉರಿಯುತ್ತಿತ್ತು.

ಆ ಒಡಕಿನ ಕಥೆಯನ್ನು ಇಲ್ಲೇ ಹೇಳಿಬಿಡಬೇಕು. ಎಬಾಲೆ ಜಾಜಿನಲ್ಲಿ ಒಂದೇ ನಮೂನೆಯ ಎರಡು ಕರೆಂಟಿನ ಗಿಟಾರುಗಳಿದ್ದವು, ಎರಡೂ ಜರ್ಮನಿಯ ಒಂದೇ ಕಾರ್ಖಾನೆಯವು. ಒಂದು ತಂಡದ ಯಜಮಾನ ಲುಟೆಟೆ ತರಿಸಿದ್ದು. ಇನ್ನೊಂದು ಬೊಕುಲು ತಾನೇ ಒಬ್ಬ ಗ್ರೀಕ್ ವ್ಯಾಪಾರಿಯ ಅಂಗಡಿಯಿಂದ ಕೊಂಡದ್ದು. ತಂಡದವರ ಅಂಗಿಗೆ ಹೊಂದಲಿ ಅಂತ ಲುಟೆಟೆ ಎರಡನ್ನೂ ಗ್ಯಾರೇಜಿಗೆ ಕಳಿಸಿ, ಯಾರದೋ ಕಾರಿಗೆ ತಂದಿಟ್ಟಿದ್ದ ಕೆಂಪು ಬಣ್ಣ ಹೊಡೆಸಿದ. ಮೈ, ಕತ್ತು, ತಲೆ ಎಲ್ಲ ಕೆಂಪು. ಆಮೇಲೆ ಹೆತ್ತ ತಾಯಿಗೂ ಗುರುತು ಸಿಗುತ್ತಿರಲಿಲ್ಲ.

ನಮ್ಮೂರಿನಲ್ಲಿ ವಾದ್ಯ ಯಾರದೋ ತಂಡ ಅವನದು. ಹಾಡುವವನು ಮುನಿಸಿಕೊಂಡರೆ ಯಜಮಾನ ವಾದ್ಯಗಳನ್ನೆಲ್ಲ ಕೋಣೆಗೆ ತಳ್ಳಿ ಬೀಗ ಜಡಿಯುತ್ತಾನೆ, ಹೊಟ್ಟೆಗಿಲ್ಲದೆ ವಾಪಸು ಬರಲಿ ಅಂತ. ನದಿಯಾಚೆಯ ಬ್ರಜಾವಿಲ್‌ನಲ್ಲಿ ನುಡಿಸಿ ಬಂದ ವಾರ ಬೊಕುಲು ಮುನಿಸಿಕೊಂಡಾಗ ಲುಟೆಟೆಯೂ ಹಾಗೇ ಮಾಡಿದ. ಬೊಕುಲು ವಾಪಸು ಹೋಗಲಿಲ್ಲ. ಅವತ್ತು ಒಂದು ಕೆಂಪು ಗಿಟಾರು ಬೀಗದೊಳಗೆ ಉಳಿಯಿತು, ಇನ್ನೊಂದು ಬೊಕುಲುವಿನ ಮನೆಯಲ್ಲಿತ್ತು. ಇಬ್ಬರು ಗಂಡಸರೂ ಸಾಯುವ ತನಕ ಮುಖ ಕೊಟ್ಟು ಮಾತಾಡಲಿಲ್ಲ.

ಲುಟೆಟೆ ಮೊದಲು ಹೋದ, ಆಮೇಲೆ ಬೊಕುಲು. ಬೊಕುಲುವಿನ ಹೆಣ ಮನೆಯಿಂದ ಹೊರಟದ್ದೇ ತಡ ಅವನ ಅಣ್ಣತಮ್ಮಂದಿರು ಬಂದು ಮಂಚ, ಫ್ರಿಜ್ಜು, ಸೂಟು, ಕೊನೆಗೆ ಕಿಟಕಿ ಪರದೆಯನ್ನೂ ಹೊತ್ತುಕೊಂಡು ಹೋದರು. ಸತ್ತವನ ಸಾಮಾನು ಒಡಹುಟ್ಟಿದವರಿಗೆ ಅನ್ನುವುದು ಇಲ್ಲಿನ ರೂಢಿ, ಅದಕ್ಕೆ ಬೈದು ಪ್ರಯೋಜನವಿಲ್ಲ. ಮಗಳು ಎಸೆಂಗೊ ಗಿಟಾರನ್ನು ಮಾತ್ರ ಎದೆಗೆ ಅವುಚಿಕೊಂಡು ಕೂತುಬಿಟ್ಟಳು. ಅಪ್ಪನ ತೊಡೆಯ ಮೇಲೆ ಕೂತು ಕಲಿತ ಗಿಟಾರು ಅದು. ಈಗ ಅವಳು ಮದುವೆ ಮನೆಗಳಲ್ಲಿ ನುಡಿಸಿ ಹೆಸರು ಮಾಡಿದವಳು. ಚಿಕ್ಕಪ್ಪಂದಿರು ಅವಳ ಮುಖ ನೋಡಿ ಸುಮ್ಮನಾದರು.

ಸುಮ್ಮನಾಗದವನು ಲುಟೆಟೆಯ ಮಗ ಮಾಕಾಯಾ. ಅಪ್ಪನ ಬಾರನ್ನು ಹೊಸದಾಗಿ ತೆರೆಯಲು ಹೊರಟಿದ್ದ. ಒಳ್ಳೆಯ ಬಟ್ಟೆ, ಮೆಲುಮಾತು, ಕೆಟ್ಟವನೇನಲ್ಲ. ಬಂದು ಹೇಳಿದ: "ನೋಡಕ್ಕ, ನಮ್ಮಪ್ಪ ಕೊನೇ ಉಸಿರಿನ ತನಕ ಒಂದೇ ಮಾತು ಹೇಳ್ತಿದ್ರು, ನನ್ನ ಗಿಟಾರು ಬೊಕುಲು ಹತ್ರ ಇದೆ ಅಂತ. ಬೀಗ ಹಾಕೋ ಗಡಿಬಿಡೀಲಿ ಅದಲುಬದಲಾಗಿದೆ. ನಿಮ್ಮದು ನಮ್ಮ ಗೋಡೆ ಮೇಲಿದೆ, ತಗೊಳ್ಳಿ. ನಮ್ಮದು ಕೊಡಿ."

"ಗೋಡೆ ಮೇಲಿರೋದು ಉಸಿರೇ ಬಿಡಲ್ಲ. ಇದು ಹಾಡುತ್ತೆ. ಹಾಡೋದು ನಿಮ್ಮದು, ಮೂಕಿ ನಮ್ಮದು, ಚೆನ್ನಾಗಿದೆ ಲೆಕ್ಕ," ಅಂದಳು ಎಸೆಂಗೊ. "ಅಪ್ಪ ದಿನಾ ಇದರ ಕತ್ತು ಸವರಿ, ಇದು ನನ್ನದು ಅಂತಿದ್ರು. ಅವರೇನು ಸುಳ್ಳುಗಾರರಾ?"

ಮಾತಿಗೆ ಮಾತು ಬೆಳೆಯಿತು. ಕೊನೆಗೆ ತಂಡದಲ್ಲಿ ಉಳಿದ ಹಿರಿಯ, ಡೋಲು ಬಾರಿಸುತ್ತಿದ್ದ ಸಿಂಗಾ ನಡುವೆ ಬಂದ. ಸೂತಕ ಕಳೆಯುವ ದಿನ ಎಲ್ಲರೂ ಸೇರುತ್ತಾರೆ, ಅವತ್ತು ಎರಡೂ ಗಿಟಾರು ಬರಲಿ, ವಾಂಗು ಬಿಚ್ಚಿ ನೋಡಲಿ, ಅವನು ಹೇಳಿದ್ದೇ ಕೊನೆ. ಎರಡು ಕಡೆಯವರೂ ಒಪ್ಪಿದರು. ಸೂತಕ ಕಳೆಯುವ ತನಕ ಆ ಮನೆಯಲ್ಲಿ ತಂತಿ ಮುಟ್ಟುವಂತಿಲ್ಲ. ಅವತ್ತು ಕಪ್ಪು ಬಟ್ಟೆ ತೆಗೆದಿಟ್ಟು ಎಸೆಂಗೊ ಅಪ್ಪನ ಗಿಟಾರು ನುಡಿಸಬೇಕು ಅಂತ ಮೊದಲೇ ಮಾತಾಗಿತ್ತು.

ಹಿಂದಿನ ದಿನ ಅವಳು ವಾಂಗುವಿನ ಅಂಗಡಿಗೆ ಬಂದಳು. ಅವನು ಗಿಟಾರಿನ ಕತ್ತೊಂದರ ಮೇಲೆ ಲೋಹದ ಮೆಟ್ಟು ಕೂರಿಸುತ್ತಿದ್ದ, ಎಂದಿನಂತೆ ಉಳಿ ಎಡಗೈಯಲ್ಲಿ.

"ದೊಡ್ಡಪ್ಪ, ಬಿಚ್ಚಲೇಬೇಕಾ?"

"ಬಿಚ್ಚದೆ ಹೇಳೋಕೆ ನಾನೇನು ಕಣಿ ಹೇಳೋನಾ?"

"ಅದು ಹೋದ್ರೆ ನನ್ನ ಹತ್ರ ಅಪ್ಪಂದು ಅಂತ ಏನೂ ಉಳಿಯಲ್ಲ. ಫೋಟೋ ಒಂದಿದೆ. ಅದೂ ಮಸುಕು."

ವಾಂಗು ಉಳಿ ಕೆಳಗಿಟ್ಟ. ತಾನು ಕೂತಿದ್ದ ಸ್ಟೂಲನ್ನೇ ಅವಳಿಗೆ ಎಳೆದುಕೊಟ್ಟ. ಆದರೆ ಬಾಯಿಂದ ಬಂದದ್ದು ಇಷ್ಟೇ: "ಮರ ಏನು ಹೇಳುತ್ತೋ ಅದನ್ನೇ ನಾನು ಹೇಳೋದು ಮಗಳೇ. ನಿನಗೋಸ್ಕರ ಒಂದು ಸುಳ್ಳು ಹೇಳಿದರೆ ನಾಳೆಯಿಂದ ನನ್ನ ನಿಜಕ್ಕೂ ಬೆಲೆ ಇರಲ್ಲ. ಆದರೆ ಒಂದು ಮಾತು. ಪೂರ್ತಿ ನೋಡದೆ ನಾನು ಬಾಯಿ ತೆರೆಯಲ್ಲ, ಅರ್ಧಕ್ಕೇ ನೀನು ಎದ್ದು ಹೋಗಬೇಡ."

ಮರುದಿನ ಅಂಗಳದಲ್ಲಿ ಟಾರ್ಪಾಲು, ಪ್ಲಾಸ್ಟಿಕ್ ಕುರ್ಚಿ, ಒಂದು ಕಡೆ ಕೆಂಡದ ಮೇಲೆ ಆಡಿನ ಮಾಂಸ, ಇನ್ನೊಂದು ಕಡೆ ಎಲೆ ಬಿಚ್ಚಿದ ಚಿಕ್ವಾಂಗ್ ಕಡುಬು. ನಡುವೆ ಮೇಜು, ಅದರ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಎರಡು ಕೆಂಪು ಗಿಟಾರು. ಗೋಡೆಗೆ ಒರಗಿಸಿದ ಬೊಕುಲುವಿನ ಫೋಟೋ ಎಲ್ಲವನ್ನೂ ನೋಡುತ್ತಿತ್ತು. ವಾಂಗು ಇಸ್ತ್ರಿ ಮಾಡಿದ ಅಂಗಿ ಹಾಕಿ, ಮದುವೆ ಗಂಡಿನ ಠೀವಿಯಲ್ಲಿ ಬಂದ. ಸಿಂಗಾ ರೇಗಿಸಿದ: "ಲೋ ವಾಂಗು, ಊಟ ಮಾಡಿ ಬಂದಿದೀಯಾ? ಇಲ್ಲಾಂದ್ರೆ ಗಿಟಾರನ್ನೇ ತಿಂದುಬಿಟ್ಟೀಯ."

"ನೀನು ಡೋಲು ಬಡಿದು ಕಿವಿ ಕಳಕೊಂಡೋನು, ಸುಮ್ನೆ ಕೂತ್ಕೊ," ಅಂದ ವಾಂಗು.

ಮೊದಲು ಎಸೆಂಗೊ ತಂದದ್ದನ್ನು ಮುಂದಕ್ಕೆಳೆದುಕೊಂಡ. ಹೊರಗಿನಿಂದ ಶುರುಮಾಡಿದ. ಬಿರಡೆಗಳಲ್ಲಿ ಮೂರು ಕಾರ್ಖಾನೆಯವು, ಅವುಗಳ ಗುಂಡಿ ಹಲ್ಲಿನ ಬಣ್ಣಕ್ಕೆ ತಿರುಗಿವೆ. ಉಳಿದವು ಆಮೇಲೆ ಹಾಕಿದವು, ಇನ್ನೂ ಬೆಳ್ಳಗಿವೆ. ಮುಚ್ಚಳ ಎತ್ತಿ ಒಳಗಿನ ಬೆಸುಗೆ ತೋರಿಸಿದ. ಹಳೆಯ ಬೆಸುಗೆ ಮಂಕಾಗಿ, ಸಣ್ಣದಾಗಿ, ಅಚ್ಚುಕಟ್ಟಾಗಿತ್ತು. ಯಾರೂ ಕೈಯಿಟ್ಟಿಲ್ಲ, ದನಿ ಹಿಡಿಯುವ ಸುರುಳಿಗಳು ಹುಟ್ಟಿನಿಂದ ಇಲ್ಲೇ ಇವೆ ಅಂದ. ಆಮೇಲೆ ಬಣ್ಣ ತಾಕದ ಮೂಲೆಗೆ ಎಂಜಲು ಬೆರಳು ಹೋಯಿತು. ಮಕ್ಕಳು ಕಿಸಕ್ಕೆಂದವು. ಒದ್ದೆಯಾದ ಜಾಗ ಕೆಂಗಂದು ಬಣ್ಣಕ್ಕೆ ತಿರುಗಿತು. ವಾಂಗು ಬಗ್ಗಿ ನೋಡಿದ, ಮೂಸಿದ, ಬೆರಳನ್ನು ನಾಲಿಗೆಗೆ ಮುಟ್ಟಿಸಿದ.

"ಮಹಾಗನಿ. ಲುಟೆಟೆ ತರಿಸಿದ್ದು ಮಹಾಗನಿ. ಬಣ್ಣ ಹೊಡೆಯೋಕೆ ಮುಂಚೆ ನಾನೇ ನೋಡಿದ್ದೆ. ಈ ಮೈ ಲುಟೆಟೆ ಮನೆಯದು, ಎರಡು ಮಾತಿಲ್ಲ."

ಮಾಕಾಯಾ ಎದ್ದು ನಿಂತ. ಎಸೆಂಗೊಳ ಮುಖದಲ್ಲಿ ರಕ್ತವೇ ಉಳಿಯಲಿಲ್ಲ. ಅವಳು ಹಟ ಮಾಡಲಿಲ್ಲ, ತನ್ನ ಕಪ್ಪು ಸೆರಗಿನಿಂದ ಗಿಟಾರಿನ ಮೇಲಿದ್ದ ಬೆರಳಿನ ಗುರುತು ಒರೆಸತೊಡಗಿದಳು, ಕೊಡುವ ಮುಂಚೆ ಚೊಕ್ಕ ಮಾಡುವ ಹಾಗೆ. ಅದನ್ನು ನೋಡಿ ಸಿಂಗಾನಿಗೆ ತಡೆಯಲಾಗಲಿಲ್ಲ. "ಗೆಳೆಯನ ಫೋಟೋ ಮುಂದೆ ನಿಂತು ಹೀಗೆ ಹೇಳೋಕೆ ನಿನಗೆ ಮನಸ್ಸಾದರೂ ಹೇಗೆ ಬಂತೋ," ಅಂದ.

"ನಾನು ಮುಗಿಸಿದೀನಿ ಅಂತ ಯಾರಂದ್ರು?" ವಾಂಗು ತಲೆ ಎತ್ತದೆ ಹೇಳಿದ. "ಮೈ ಅಂದೆ. ಕತ್ತಿನ ಸುದ್ದಿ ಎತ್ತಿಲ್ಲ."

ಹಿಂದುಗಡೆಯ ನಾಲ್ಕು ತಿರುಪುಗಳ ಮೇಲೆ ಬೆರಳಾಡಿಸಿದ. ಕಾರ್ಖಾನೆಯ ತಿರುಪುಗಳೇ, ಆದರೆ ಅವುಗಳ ಸೀಳು ಚೂರಿಯ ತುದಿಯಿಂದ ತಿರುವಿ ತಿರುವಿ ಸವೆದಿದ್ದವು. ಬಿಚ್ಚಿ ಕತ್ತನ್ನು ಕುಳಿಯಿಂದ ಎಬ್ಬಿಸಿದ. ಅದು ಸಡಿಲ ಹಲ್ಲಿನಂತೆ ಎದ್ದು ಬಂತು. ಎರಡು ಪಕ್ಕದಿಂದಲೂ ಏನೋ ಕೆಳಗೆ ಬಿತ್ತು. ಚಪ್ಪಲಿಯ ತೊಗಲಿನ ಚೂರುಗಳು.

"ನೋಡ್ರಪ್ಪ. ಹುಟ್ಟಿದ ಮನೇಲಿ ಇರೋ ಕತ್ತಿಗೆ ತೊಗಲು ತುರುಕೋ ಗತಿ ಬರಲ್ಲ. ಇದು ಈ ಕುಳಿಗೆ ಮಾಡಿದ ಕತ್ತೇ ಅಲ್ಲ."

ಕತ್ತಿನ ಬುಡವನ್ನು ತಿರುಗಿಸಿದ. ಅಲ್ಲಿ ಬಣ್ಣವಿರಲಿಲ್ಲ. ಬಿಳಿ ಮರಕ್ಕೆ ಅಂಟಿದ ಕಪ್ಪನೆಯ ಸಣ್ಣ ಬೆಣೆಯೊಂದಿತ್ತು, ವೆಂಗೆ ಮರದ್ದು. ವಾಂಗು ಅದರ ಮೇಲೆ ಹೆಬ್ಬೆರಳು ಸವರಿದ.

"ಈ ಬೆಣೆ ನಾನು ಕೂರಿಸಿದ್ದು," ಅಂದ. "ಗ್ರೀಕನ ಅಂಗಡಿಯಿಂದ ತಂದ ಹೊಸತರಲ್ಲಿ ತಂತಿ ತುಂಬ ಎತ್ತರ ಇದೆ ಅಂತ ಬೊಕುಲು ಗೊಣಗ್ತಿದ್ದ. ಕತ್ತು ಚೂರು ಹಿಂದಕ್ಕೆ ವಾಲಲಿ ಅಂತ ಆಗ ಕೊಯ್ದು ಅಂಟಿಸಿದೆ. ಉಳಿಯ ಗೀರು ಯಾವ ಕಡೆಗೆ ವಾಲಿದೆ ನೋಡಿ. ಈ ಊರಲ್ಲಿ ಎಡಗೈಲಿ ಉಳಿ ಹಿಡಿಯೋನು ನಾನೊಬ್ಬನೇ."

ಮಾಕಾಯಾ ಮುಖ ಗಂಟಿಕ್ಕಿದ. "ಅಂದ್ರೆ? ಒಂದೇ ಗಿಟಾರು ಇಬ್ಬರದೂ ಅಂತೀರಾ ಹಿರೀರೇ?"

"ಮೈ ನಿಮ್ಮಪ್ಪಂದು, ಕತ್ತು ಇವಳಪ್ಪಂದು. ಇನ್ನೊಂದನ್ನ ಇಲ್ಲಿ ತಳ್ಳು."

ಗೋಡೆಯ ಮೇಲೆ ನೇತಾಡಿದ್ದ ಗಿಟಾರು ಧೂಳು ಹಿಡಿದಿತ್ತು, ತಂತಿಗಳು ತುಕ್ಕಾಗಿದ್ದವು. ಅದರ ಕತ್ತು ಕುಳಿಗಿಂತ ಅಗಲವಾಗಿ, ಪೂರ್ತಿ ಇಳಿಯದೆ ನಿಂತಿತ್ತು, ತಿರುಪು ಬಿಚ್ಚಿದ್ದೇ ಎದ್ದು ಬಂತು. ಖಾಲಿ ಕುಳಿಗೆ ವಾಂಗು ಎಂಜಲು ಬೆರಳು ಒತ್ತಿದ. ತಿಳಿ ಹಳದಿ ಮರ ಮೇಲೆದ್ದಿತು, ನಡುವೆ ಒಂದು ಕಪ್ಪು ಗೀರು. ಈ ಸಲ ಅವನು ಮೂಸಲೂ ಇಲ್ಲ, ನೆಕ್ಕಲೂ ಇಲ್ಲ.

"ಲಿಂಬಾ. ನಮ್ಮ ಕಾಡಿನ ಲಿಂಬಾ. ಜರ್ಮನಿಗೆ ಹೋಗಿ ಗಿಟಾರಾಗಿ ವಾಪಸು ಬಂದಿದೆ. ಬೊಕುಲು ಇದನ್ನ ಕೊಂಡಾಗ ಮೊದಲು ಓಡಿಬಂದು ತೋರಿಸಿದ್ದು ನನಗೆ. ವಾಂಗು, ಇದು ನಿನ್ನಪ್ಪ ಕಡಿದ ಮರವೇನೋ ಅಂದಿದ್ದ."

"ಆಗಿರಬಹುದಾ?" ಎಸೆಂಗೊ ಮೆಲ್ಲಗೆ ಕೇಳಿದಳು.

"ಗೊತ್ತಿಲ್ಲ," ಅಂದ ವಾಂಗು. ಆ ಪದ ಅವನ ಬಾಯಿಗೆ ಹೊಸದು.

ಬೊಕುಲುವಿನ ಕತ್ತನ್ನು ಎತ್ತಿ ಲಿಂಬಾ ಮೈಯ ಕುಳಿಗೆ ಇಟ್ಟು ಅಂಗೈಯಿಂದ ಒತ್ತಿದ. ಟಕ್ಕೆಂದು ಕೂತಿತು. ತೊಗಲಿಲ್ಲ, ತಿರುಪೂ ಇಲ್ಲ. ವಾಂಗು ಕತ್ತನ್ನು ಮಾತ್ರ ಹಿಡಿದು ಮೇಲೆತ್ತಿದ, ಮೈ ಅದರ ಜೊತೆಗೇ ಎದ್ದು ಬಂತು. ಎಲ್ಲರಿಗೂ ಕಾಣಲಿ ಅಂತ ಒಂದು ಸುತ್ತು ತಿರುಗಿಸಿದ. ಆಮೇಲೆ ಲುಟೆಟೆಯ ಕತ್ತನ್ನು ಮಹಾಗನಿ ಮೈಗೆ ಒತ್ತಿ ಹಾಗೇ ಎತ್ತಿದ. ಅದೂ ಬಂತು.

"ಇದಕ್ಕಿಂತ ಬೇರೆ ಸಾಕ್ಷಿ ಬೇಕಾದವರು ಕೈಯೆತ್ತಿ," ಅಂದ. ಯಾರೂ ಎತ್ತಲಿಲ್ಲ.

ಆದರೆ ಯಾಕೆ ಹೀಗಾಯಿತು ಅನ್ನುವುದು ಉಳಿದಿತ್ತು. ಅದಕ್ಕೂ ಉತ್ತರ ಒಳಗೇ ಇತ್ತು. ಲಿಂಬಾ ಗಿಟಾರಿನ ಮುಚ್ಚಳ ತೆಗೆದಾಗ ಸುರುಳಿಯಿಂದ ದನಿ ಒಯ್ಯುವ ಕೂದಲೆಳೆಯಂಥ ಒಂದು ತಂತಿ ಬೆಸುಗೆಯಿಂದ ಕಿತ್ತು ಬಂದು ಗಾಳಿಯಲ್ಲಿ ನಿಂತಿತ್ತು. ವಾಂಗು ಅದನ್ನು ಬೆರಳ ತುದಿಯಿಂದ ಮುಟ್ಟಿದ. ಆಗ ಅವನಿಗೆ ಎಲ್ಲ ಹೊಳೆಯಿತು.

"ಬ್ರಜಾವಿಲ್‌ಗೆ ಹೊರಡೋ ಹಿಂದಿನ ದಿನ ಬೊಕುಲು ಗಿಟಾರು ಮೂಕಾಗಿದೆ. ಲುಟೆಟೆಯ ಗಿಟಾರಿಗೆ ದನಿ ಇದೆ, ಆದರೆ ಬೆರಳಿಗೆ ಪಳಗಿರೋದು ತನ್ನ ಕತ್ತು. ಅದಕ್ಕೆ ಕತ್ತು ಬದಲಿಸಿಕೊಂಡಿದಾನೆ, ವಾಪಸು ಬಂದು ಸರಿಮಾಡಿದರಾಯ್ತು ಅಂತ. ಬಂದ ವಾರವೇ ತಂಡ ಒಡೀತು, ಬೀಗ ಬಿತ್ತು."

"ಹೋಗಿ ಕೇಳಬಹುದಿತ್ತಲ್ಲ," ಅಂದಳು ಎಸೆಂಗೊ.

"ಕೇಳೋದಾ? ನಿಮ್ಮಪ್ಪನಾ? ಲುಟೆಟೆ ಬಾಗಿಲಲ್ಲಿ ನಿಲ್ಲೋಕಿಂತ ಅರ್ಧ ಗಿಟಾರಲ್ಲಿ ಬದುಕು ಕಳೆಯೋದೇ ಮೇಲು ಅಂದುಕೊಂಡ."

ಮಾಕಾಯಾ ತನ್ನ ಗಿಟಾರಿನ ಮೇಲೆ ಕೈಯಿಟ್ಟು ನಿಂತಿದ್ದ. "ನಮ್ಮಪ್ಪನಿಗೂ ಗೊತ್ತಿತ್ತು ಅನ್ಸುತ್ತೆ," ಅಂದ. "ಆ ಗಿಟಾರನ್ನ ಯಾರಿಗೂ ಮುಟ್ಟೋಕೆ ಬಿಡ್ತಿರಲಿಲ್ಲ. ಎದುರು ಕೂತು ನೋಡ್ತಿದ್ರು. ಕೊಡೋಕೂ ಹೋಗಲಿಲ್ಲ." ಸಿಂಗಾ ಎದ್ದು ಅವನ ಬೆನ್ನ ಮೇಲೆ ಕೈಯಾಡಿಸಿದ.

ವಾಂಗು ಮಾಂಸ ಸುಡುತ್ತಿದ್ದ ಕೆಂಡದಲ್ಲೇ ಬೆಸುಗೆ ಕಡ್ಡಿ ಕಾಯಿಸಿ ತಂದ. ಕಿತ್ತ ತಂತಿಯನ್ನು ಅದರ ಜಾಗಕ್ಕೆ ಒತ್ತಿ ಒಂದು ಹನಿ ಸೀಸ ಇಟ್ಟ. ಸಣ್ಣಗೆ ಹೊಗೆ ಎದ್ದಿತು. ಕೆಲಸ ಅಷ್ಟೇ, ಎಲೆಯಡಿಕೆ ಮೆಲ್ಲುವಷ್ಟು ಹೊತ್ತೂ ಹಿಡಿಯಲಿಲ್ಲ. ಅವನು ಕಡ್ಡಿ ಹಿಡಿದುಕೊಂಡೇ ಫೋಟೋದ ಕಡೆ ತಿರುಗಿದ.

"ಒಂದು ತಂತಿ ಕಣೋ ಬೊಕುಲು," ಅಂದ. "ಬೀಗ ಬಿದ್ದ ಮೇಲೂ ನನಗೊಂದು ಮಾತು ಹೇಳಿದ್ದರೆ ಲುಟೆಟೆ ಹತ್ರ ನಾನೇ ಹೋಗಿ ತರ್ತಿದ್ದೆ. ವಾಂಗು ಬಿಚ್ಚಿದರೆ ಊರಿಗೆಲ್ಲ ಸಾರಿಬಿಡ್ತಾನೆ ಅಂತ ನನಗೇ ಮುಚ್ಚಿಟ್ಟೆಯಾ?" ಸ್ವಲ್ಪ ತಡೆದು ತಾನೇ ಉತ್ತರ ಕೊಟ್ಟುಕೊಂಡ. "ಸಾರ್ತಿದ್ದೆ. ಅದೂ ನಿಜವೇ."

ಸಿಂಗಾ ಏನೋ ಕುಚೋದ್ಯದ ಮಾತು ಹೇಳಲು ಬಾಯಿ ತೆರೆದವನು ಗೆಳೆಯನ ಕಣ್ಣು ನೋಡಿ ಮಾಂಸ ಮಗುಚಲು ಎದ್ದುಹೋದ.

ಎಸೆಂಗೊ ಒಳಗೆ ಹೋಗಿ ಕಪ್ಪು ಬಟ್ಟೆ ಬಿಚ್ಚಿಟ್ಟು ಹಳದಿ ಹೂವಿನ ಬಟ್ಟೆ ಉಟ್ಟು ಬಂದಳು. ವಾಂಗು ಹೊಸ ತಂತಿ ಹಾಕಿ, ತಿರುಪು ಬಿಗಿದು, ಸ್ಪೀಕರಿನ ವಯರು ಸಿಕ್ಕಿಸಿ, ಗಿಟಾರನ್ನು ಅವಳ ಕೈಗಿಟ್ಟ. ಅವಳು ತೊಡೆಯ ಮೇಲಿಟ್ಟುಕೊಂಡು ಒಂದು ಕ್ಷಣ ಗಲಿಬಿಲಿಗೊಂಡಳು. "ಹಗುರ ಇದೆ ದೊಡ್ಡಪ್ಪ, ಬೇರೆ ಯಾರದೋ ಅನ್ನಿಸ್ತಿದೆ."

"ಮೈ ನಿನಗೆ ಹೊಸದು. ಕಣ್ಣು ಮುಚ್ಚಿ ಕತ್ತು ಹಿಡಿ."

ಅವಳು ಕಣ್ಣು ಮುಚ್ಚಿದಳು. ಎಡಗೈ ಕತ್ತಿನ ಮೇಲೆ ಸರಿದು, ಅಪ್ಪನ ಹೆಬ್ಬೆರಳು ಬಣ್ಣ ಸವೆಸಿದ್ದ ಜಾಗದಲ್ಲಿ ತಾನಾಗಿ ನಿಂತಿತು. ಆಮೇಲೆ ನುಡಿಸಿದಳು. ಬೊಕುಲು ಕೈಯಲ್ಲಿ ನಾವು ಕೇಳುತ್ತಿದ್ದ ದನಿಗಿಂತ ಇದು ತೆಳುವಾಗಿತ್ತು, ತಿಳಿಯಾಗಿತ್ತು, ಅಂಗಳದ ಕೊನೆಯ ಕುರ್ಚಿಯ ತನಕ ನೆಟ್ಟಗೆ ಹೋಯಿತು. ತಂಡದ ಮೊದಲ ದಿನಗಳಲ್ಲಿ ಬಾರಿನಲ್ಲಿ ಕೂತು ಕೇಳಿದ್ದ ಮುದುಕಿಯರು, ಹೌದು, ಹೀಗೇ ಇತ್ತು, ಮೊದಲು ಹೀಗೇ ಇತ್ತು ಅಂತ ಕಣ್ಣೊರೆಸಿಕೊಂಡರು. ಸಿಂಗಾ ಕುರ್ಚಿಯನ್ನೇ ಡೋಲು ಮಾಡಿಕೊಂಡ.

ಹಾಡಿನ ನಡುವೆಯೇ ಮಾಕಾಯಾ ತನ್ನ ಮಹಾಗನಿ ಗಿಟಾರನ್ನು ವಾಂಗುವಿನ ಮುಂದಿಟ್ಟ. "ಇದಕ್ಕೂ ತಂತಿ ಹಾಕಿಕೊಡಿ ಹಿರೀರೇ. ಗೋಡೆಗೆ ಬೇಡ. ಯಾರಾದರೂ ನುಡಿಸಲಿ."

"ಹಾಕ್ತೀನಿ. ಚೂರು ತಡಿ," ಅಂದ ವಾಂಗು. ತೊಗಲಿನ ಎರಡು ಚೂರುಗಳನ್ನು ಮೇಜಿನಿಂದ ಆರಿಸಿ, ಇಸ್ತ್ರಿ ಮಾಡಿದ ಅಂಗಿಯ ಜೇಬಿಗೆ ಹಾಕಿಕೊಂಡು, ಗೆಳೆಯನ ಗಿಟಾರನ್ನು ಕೇಳುತ್ತ ಕೂತ.